ಮಲಗಿದಲ್ಲೇ ಓಡುವ ಮರಿ

"ನಗ್ತೀರಲ್ರೀ... ಇಲ್ಲಿ ನಮ್ಮ ಮರಿ ಸಾಯಾಕೆ ಬಂದೈತೆ!"

ಜಗಳೂರಿನ ದನದ ಆಸ್ಪತ್ರೆಯ ಜಗುಲಿಯಲ್ಲಿ ಹಾಲಮ್ಮನ ದನಿ ನಡುಗಿತು. ಅದು ಎಪ್ಪತ್ತೆಂಟನೇ ಇಸವಿ. ಬಿಳಿಚೋಡಿನಿಂದ ಬಸ್ಸಿನಲ್ಲಿ ಸೆರಗಿಗೆ ಸುತ್ತಿ ತಂದಿದ್ದ ನಾಯಿಮರಿ, ನೆಲಕ್ಕಿಳಿದ ಕೂಡಲೇ ಕಂಪೌಂಡರ್ ಗಾದ್ರಪ್ಪನ ಚಪ್ಪಲಿ ಕಚ್ಚಿ ಎಳೆಯತೊಡಗಿತ್ತು.

"ಸಾಯೋ ಮರಿ ಹಿಂಗೆ ಚಪ್ಪಲಿ ಎಳೀತೈತೇನ್ರೀ?"

"ಮಲಗಿದಾಗ ನೋಡ್ರಿ! ಕಾಲು ಝಾಡಿಸ್ತೈತೆ, ತುಟಿ ಅದುರ್ತೈತೆ... ಮೂರ್ಛೆ ರೋಗ! ಅಂಗಾಲಿಗೆ ಕಬ್ಬಿಣದ ಕೀಲಿಕೈ ಒತ್ತಿದ್ರೇನೇ ನಿಲ್ಲೋದು. ಕುರಿ ಹಟ್ಟಿಗೆ ಮೂರ್ಛೆ ನಾಯಿ ಬ್ಯಾಡ, ನಾಳಿದ್ದು ದೂರ ಬಿಟ್ಟು ಬರ್ತೀನಿ ಅಂದಾನೆ ಅಪ್ಪ."

ಗಾದ್ರಪ್ಪನ ನಗು ನಿಂತಿತು.

"ಒಂದು ದಿನ ಇಲ್ಲಿ ಬಿಡ್ರಿ. ಮಲಗಿದಾಗ ನಾನೇ ನೋಡ್ತೀನಿ. ಹೆಸರೇನು?"

"ಹಾಲಮ್ಮ. ಬಿಳಿಚೋಡಿನ ಬೀರಲಿಂಗಪ್ಪನ ಮಗಳು."

"ಮರೀದು ಕೇಳ್ದೆ ರೀ..."

"...ರಾಗಿ." ಅವಳ ಮುಖ ಕೆಂಪೇರಿತು.

ಅವನು ತನ್ನ ಚಹಾಕ್ಕೆಂದು ತರಿಸಿದ್ದ ಹಾಲನ್ನೆಲ್ಲ ಮರಿಗೆ ಸುರಿದು, ಹಾಲಿಲ್ಲದ ಚಹಾವನ್ನು ಸದ್ದಿಲ್ಲದೆ ಕುಡಿದ. ಹಾಲಮ್ಮ ಅದನ್ನು ನೋಡಿದಳು. 'ಇಂಥವರೂ ಇರ್ತಾರಾ...'

ಆದರೆ ಮರುದಿನ ಅವಳು ಬಂದಾಗ ಮರಿಯೂ ಇರಲಿಲ್ಲ, ಗಾದ್ರಪ್ಪನೂ ಇರಲಿಲ್ಲ!

"ಬೆಳಿಗ್ಗೇನೇ ಚೀಲದಾಗೆ ಹಾಕ್ಕೊಂಡು ಹೋದ್ರಲ್ಲವ್ವಾ. ಎಲ್ಲಿಗೆ ಅಂತ ಹೇಳ್ಲಿಲ್ಲ," ಎಂದ ಕಸ ಗುಡಿಸುತ್ತಿದ್ದ ಜವಾನ ಮೂಕಪ್ಪ.

ಚೀಲದಲ್ಲಿ... ಎಲ್ಲೋ ಬಿಟ್ಟುಬಿಟ್ಟರಾ? ಅಪ್ಪ ಮಾಡಬೇಕಿದ್ದ ಕೆಲಸವನ್ನು ಇವರೇ ಮಾಡಿ ಮುಗಿಸಿದರಾ? ಆ ಮನುಷ್ಯನನ್ನು ನಂಬಿದ್ದಕ್ಕೇ ಅವಳಿಗೆ ಹೆಚ್ಚು ಅಳು ಬಂತು. ಬಸ್ಸಿನ ದಾರಿಯುದ್ದಕ್ಕೂ ಸೆರಗು ಒದ್ದೆಯಾಯಿತು.

ಮನೆಯಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಹಟ್ಟಿಯ ಮುಂದೆ ರಾಗಿ ಮಲಗಿತ್ತು! ಅದರ ಒಂದು ಪಕ್ಕ ಅಪ್ಪ ಬೀರಲಿಂಗಪ್ಪ, ಇನ್ನೊಂದು ಪಕ್ಕ ಗಾದ್ರಪ್ಪ. ಮರಿಯ ಮುಖಕ್ಕೆ ಬಿಸಿಲು ಬೀಳದಂತೆ ಅವನು ಕೊಡೆ ಹಿಡಿದಿದ್ದ. ತಾನು ಮಾತ್ರ ಬಿಸಿಲಲ್ಲೇ ಕೂತಿದ್ದ.

ಅಷ್ಟರಲ್ಲಿ ಮರಿ ಕಾಲು ಝಾಡಿಸಿತು. ತುಟಿ ಅದುರಿತು. ಹಾಲಮ್ಮ ಕೀಲಿಕೈ ತರಲು ಓಡಿದಳು.

"ಬ್ಯಾಡ್ರಿ! ಮುಟ್ಟದೆ, ಹೆಸರು ಹಿಡಿದು ಮೆಲ್ಲಗೆ ಕರೀರಿ."

"ರಾಗೀ..."

ಕಾಲು ನಿಂತಿತು. ಒಂದು ಕಣ್ಣು ತೆರೆಯಿತು. ಬಾಲ ನೆಲಕ್ಕೆ ಎರಡು ಸಲ ಬಡಿಯಿತು!

"ಮೂರ್ಛೆ ಆಗಿದ್ರೆ ಮೈ ಸೆಟೆದು ಹೋಗ್ತಿತ್ತು, ಕರೆದ್ರೂ ಏಳ್ತಿರ್ಲಿಲ್ಲ. ಇದು ಕನಸಿನಾಗೆ ಓಡ್ತೈತೆ ಅಷ್ಟೇ, ಎಳೇ ಮರಿಗಳಿಗೆ ಜಾಸ್ತಿ. ತಣ್ಣನೆ ಕಬ್ಬಿಣ ತಾಗಿ ಎಚ್ಚರ ಆಗ್ತಿತ್ತು, ನೀವು ರೋಗ ಬಿಡ್ತು ಅಂದ್ಕಂಡ್ರಿ."

ಬೀರಲಿಂಗಪ್ಪ ತಲೆ ಕೆರೆದುಕೊಂಡ. "ಅಂದ್ರೆ ಇಷ್ಟು ದಿನ ಅದರ ನಿದ್ದೆ ಕೆಡಿಸಿದ್ವಿ ಅನ್ರಿ! ಇರ್ಲಿ ಬಿಡು ಮಗಳೇ, ಇಲ್ಲೇ ಇರ್ಲಿ."

ಹಾಲಮ್ಮ ಮರಿಯನ್ನು ಎದೆಗವಚಿಕೊಂಡಳು. ಬಸ್ಸಿನ ಹೊತ್ತಾಯಿತೆಂದು ಎದ್ದ ಗಾದ್ರಪ್ಪನನ್ನು ಬೇಲಿಯವರೆಗೆ ಕಳಿಸಲು ಹೋದಳು.

"ನಿಮ್ಮನ್ನ ಮನಸ್ಸಿನಾಗೆ ಕಟುಕ ಅಂತ ಬೈದೆ ರೀ..."

"ಅಷ್ಟೇನಾ? ನಮ್ಮವ್ವ ಇದಕ್ಕಿಂತ ಜೋರಾಗಿ ಬೈತಾಳೆ."

ಅವಳು ಅಳುತ್ತಲೇ ನಕ್ಕಳು. "ಒಂದು ನಾಯಿಮರಿಗೋಸ್ಕರ ರಜಾ ಹಾಕಿ ಬಂದ್ರಾ?"

"ಮರೀನ ಆಸ್ಪತ್ರೆಯಾಗೆ ನೋಡಿದ್ರೂ ನಡೀತಿತ್ತು. ಆದ್ರೆ ನಿಮ್ಮಪ್ಪ ಕಣ್ಣಾರೆ ಕಾಣದೆ ನಂಬಲ್ಲ. ನೆನ್ನೆ ನೀವು ಹಿಂದೆ ತಿರುಗಿ ತಿರುಗಿ ನೋಡ್ತಾ ಬಸ್ ಹತ್ತಿದ್ರಲ್ಲ... ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ."

ಹಾಲಮ್ಮ ಬೇಲಿಯ ಎಲೆಯೊಂದನ್ನು ಕಿತ್ತಳು.

"ಭಾನುವಾರ ನಮ್ಮವ್ವನ ಕರ್ಕೊಂಡು ಬಂದು ನಿಮ್ಮಪ್ಪನ್ನ ಕೇಳಲಾ, ಹಾಲಮ್ಮ? ನಿಮಗೆ ಒಪ್ಪಿಗೆ ಇದ್ರೆ..."

ಅವಳು ಅಂಗಳದತ್ತ ತಿರುಗಿ ನೋಡಿದಳು. ಪಿಸುದನಿಯಲ್ಲಿ ಅಂದಳು:

"ಅವ್ವ ಭಾನುವಾರ ಬರ್ಲಿ... ನೀವು ಕೇಳಾಕೆ ಅಪ್ಪ ಈಗ ಅಲ್ಲೇ ಕೂತಾನಲ್ಲ ರೀ!"