ಭಾನುವಾರದ ಕೂಸು

ಸಾವಿರದ ಆರುನೂರ ಎಪ್ಪತ್ತೊಂದನೇ ಇಸವಿ, ಅಕ್ಟೋಬರ್ ತಿಂಗಳ ಒಂದು ಸೋಮವಾರ. ಮ್ಯಾಸಚೂಸೆಟ್ಸ್ ಸೀಮೆಯ ವೆನ್‌ಫೀಲ್ಡ್ ಊರಿನಲ್ಲಿ ಮ್ಯಾಜಿಸ್ಟ್ರೇಟ್ ಥರ್ಸ್ಟನ್ ಅವರು ಬೆಳಗಿನ ಗಂಜಿ ಕುಡಿಯುತ್ತಿರುವಾಗಲೇ ಮನೆ ಬಾಗಿಲಿಗೆ ದೂರು ಬಂತು. ಆ ಊರಿಗೆ ಬೇರೆ ಠಾಣೆ ಅಂತ ಇರಲಿಲ್ಲ. ಅವರ ಅಡುಗೆಮನೆಯ ಮೇಜೇ ಠಾಣೆ.

ಕಾನ್‌ಸ್ಟೇಬಲ್ ಕೇಲಬ್ ವಿಕ್ಸ್‌ಗೆ ಹೇಳಿಕಳಿಸಿದರು. ಕೇಲಬ್ ಕಸುಬಿನಲ್ಲಿ ಪೀಪಾಯಿ ಮಾಡುವವನು. ಊರವರು ಕೈಯೆತ್ತಿ ಆರಿಸಿ, ಒಂದು ವರ್ಷದ ಮಟ್ಟಿಗೆ ಕಾನೂನಿನ ಕರಿಕೋಲು ಅವನ ಕೈಗೆ ಕೊಟ್ಟಿದ್ದರು. ಆ ವರ್ಷ ಯಾವಾಗ ಮುಗಿಯುತ್ತದೋ ಎಂದು ಅವನು ಕಾಯುತ್ತಿದ್ದ.

ದೂರು ತಂದವನು ಮರ ಕೊಯ್ಯುವ ಜೊಸಾಯ ಪೆನಿಮನ್. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಯಾರ ಮೇಲೆ ದೂರು?" ಥರ್ಸ್ಟನ್ ಕೇಳಿದರು.

"ಸೂಲಗಿತ್ತಿ ಡಾರ್ಕಸ್ ಹೋಲ್ಯೋಕ್ ಮೇಲೆ, ಸ್ವಾಮಿ."

"ಏನಂತ?"

"ಮಾಟ. ನನ್ನ ಮಗೂನ ಮಾಟ ಮಾಡಿ ಕೊಂದಿದ್ದಾಳೆ."

ಜೊಸಾಯನ ಮಗು ಹೋದ ತಿಂಗಳು ಹುಟ್ಟಿತ್ತು. ಹುಟ್ಟಿದ್ದು ಭಾನುವಾರ, ದೇವರ ದಿನ. ಮಗು ಯಾವ ವಾರ ಹುಟ್ಟುತ್ತದೋ ಅದೇ ವಾರ ಬಸಿರು ನಿಂತಿರುತ್ತದೆ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಂದಮೇಲೆ ಗಂಡಹೆಂಡಿರು ದೇವರ ದಿನವನ್ನು ಹಾಸಿಗೆಯಲ್ಲಿ ಕೆಡಿಸಿದವರು. ಪಾದ್ರಿ ಆಡ್ಲಿನ್ ಅವರು ಇಬ್ಬರೂ ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಂಡರೆ ಮಾತ್ರ ಮಗುವಿಗೆ ದೀಕ್ಷಾಸ್ನಾನ ಎಂದರು. ಮಾಡದ ತಪ್ಪು ಒಪ್ಪುವುದಿಲ್ಲ ಎಂದು ಹೆಂಡತಿ ಮೆಹಿಟಬೆಲ್ ಹಟ ಹಿಡಿದಳು. ಆ ಎಳೆದಾಟದಲ್ಲೇ ಕೂಸಿಗೆ ಸೆಳವು ಬಂದು ತೀರಿಕೊಂಡಿತು, ತಲೆಗೆ ನೀರು ಬೀಳದೆ.

"ಮಾಟ ಅಂತ ಹೇಗೆ ಹೇಳ್ತೀಯ?"

"ನನ್ನ ಹೆಂಡ್ತಿ ಕನಸು ಕಂಡ್ಳು ಸ್ವಾಮಿ. ಆ ಸೂಲಗಿತ್ತಿ ಮನೆ ಹೊಗೆಗೂಡಿನ ಬಲಮಗ್ಗುಲಲ್ಲಿ, ಇಟ್ಟಿಗೆ ಹಿಂದೆ, ಒಂದು ಬೊಂಬೆ ಇದೆಯಂತೆ."

ಥರ್ಸ್ಟನ್ ದೂರು ಬರೆದುಕೊಂಡು, ಓದಿ ಹೇಳಿ, ಜೊಸಾಯನ ಕೈಲಿ ಗುರುತು ಹಾಕಿಸಿಕೊಂಡರು. ಶೋಧನೆಗೊಂದು, ಹಿಡಿದು ತರುವುದಕ್ಕೊಂದು ವಾರಂಟ್ ಬರೆದರು. ಮಾಟ ರುಜುವಾತಾದರೆ ನೇಣು. ಸುಳ್ಳು ಸಾಕ್ಷಿ ಹುಟ್ಟಿಸಿ ಇನ್ನೊಬ್ಬರ ಪ್ರಾಣ ತೆಗೆಸಲು ಹೊರಟರೂ ನೇಣೇ. ಎರಡನ್ನೂ ಅವರು ಜೊಸಾಯನಿಗೆ ಬಿಡಿಸಿ ಹೇಳಿದರು. ಅವನು ತಲೆಯಾಡಿಸಿದ. ಅವನು ನಂಬಿಯೇ ಬಂದಿದ್ದಾನೆ ಎಂದು ಕೇಲಬ್‌ಗೆ ಅನಿಸಿತು.

ಡಾರ್ಕಸಳ ಮನೆಯಲ್ಲಿ ಅವಳ ಅಕ್ಕ ಪ್ರುಡೆನ್ಸ್ ಒಬ್ಬಳೇ ಇದ್ದಳು. ವಾತ ಹಿಡಿದು ಅವಳ ಕೈಬೆರಳುಗಳೆಲ್ಲ ಒಳಕ್ಕೆ ಮಡಚಿಕೊಂಡಿದ್ದವು. ಇಬ್ಬರು ನೆರೆಯವರನ್ನು ಪಂಚರಾಗಿ ನಿಲ್ಲಿಸಿಕೊಂಡು ಕೇಲಬ್ ಹೊಗೆಗೂಡು ಮುಟ್ಟಿ ನೋಡಿದ. ಮಣ್ಣಿನ ಮೆತ್ತೆ ಹೊಸದು, ಇನ್ನೂ ಹಸಿಯಾಗಿತ್ತು. ಬಲಮಗ್ಗುಲಲ್ಲಿ ಒಂದು ಇಟ್ಟಿಗೆ ಅಲುಗಿತು. ತೆಗೆದರೆ ಹಿಂದೆ ಗೇಣುದ್ದದ ಬೊಂಬೆ. ಬಿಳಿ ನಾರುಬಟ್ಟೆಯದು. ಹೊಟ್ಟೆಗೆ ಮುಳ್ಳು ಚುಚ್ಚಿತ್ತು.

ಪಂಚರಲ್ಲಿ ಒಬ್ಬ ಬಾಗಿಲವರೆಗೆ ಹಿಂದೆ ಸರಿದ.

"ಮುಟ್ಟಬೇಡ ಕೇಲಬಣ್ಣ."

"ಮುಟ್ಟದೆ ಮಹಜರು ಹೆಂಗೆ ಬರೆಸ್ಲಿ? ನೀನು ಬಾ ಇಲ್ಲಿ, ನೋಡು. ಈ ಇಟ್ಟಿಗೆ ಸುತ್ತ ಮಾತ್ರ ಕರಣೆ ಆಡಿಸಿದ ಗುರುತಿಲ್ಲ. ಬೆರಳಲ್ಲಿ ಮೆತ್ತಿದ್ದಾರೆ."

ಅವನು ತನ್ನ ಬೆರಳನ್ನು ಆ ಗುರುತಿನಲ್ಲಿಟ್ಟು ನೋಡಿದ. ಹಿಡಿಸಲಿಲ್ಲ. ಸಣ್ಣ ಬೆರಳು. ಪ್ರುಡೆನ್ಸಳ ಕೈ ಒಮ್ಮೆ ನೋಡಿದ. ಆ ಬೆರಳು ಚಾಚಿ ಮಣ್ಣು ಮೆತ್ತುವುದು ಆಗದ ಮಾತು. ಮಹಜರಿನಲ್ಲಿ ಇದನ್ನೂ ಸೇರಿಸಿದ.

"ಅಮ್ಮ, ಡಾರ್ಕಸಮ್ಮ ಎಲ್ಲಿ?"

"ಗಿರಣಿಯವರ ಮನೇಲಿ ಬಾಣಂತಿ ನೋಡ್ಕೊಳ್ತಾ ಇದ್ದಾಳೆ. ಶನಿವಾರ ಮಧ್ಯಾಹ್ನ ಹೋದೋಳು ಮನೆ ಕಡೆ ಬಂದಿಲ್ಲ."

"ಈ ಮಣ್ಣು ಮೆತ್ತಿದ್ದು ಯಾರು, ಯಾವಾಗ?"

"ನೇಥನ್ ಗೇಜ್. ಅವಳು ಹೋದಮೇಲೆ ಬಂದ. ಶನಿವಾರ ಹೊತ್ತು ಮುಳುಗಿದ್ರೆ ದೇವರ ದಿನ ಶುರುವಾಗ್ತದೆ, ಅದಕ್ಕೆ ಮುಂಚೆ ಮುಗಿಸ್ಬೇಕು ಅಂತ ಅವಸರ ಅವಸರ ಮಾಡ್ತಿದ್ದ."

"ನೀವು ಮಲಗೋದು?"

"ಇಲ್ಲೇ, ಒಲೆ ಮುಂದೆ. ಬೇರೆಲ್ಲಿ ಮಲಗಲಿ ಈ ಕೀಲುನೋವು ಇಟ್ಕೊಂಡು? ಭಾನುವಾರ ಪ್ರಾರ್ಥನೆಗೆ ಮಾತ್ರ ಹೆಂಗೋ ಕಾಲೆಳ್ಕೊಂಡು ಹೋಗಿ ಬಂದೆ."

ಕೇಲಬ್ ಗಿರಣಿಯವರ ಮನೆಗೆ ಹೋದ. ಡಾರ್ಕಸ್ ಬಾಣಂತಿಗೆ ಗಂಜಿ ಕುಡಿಸುತ್ತಿದ್ದಳು. ಅವನ ಕೈಯ ಕೋಲು ನೋಡಿ ಎದ್ದು ನಿಂತಳು.

"ಡಾರ್ಕಸಮ್ಮ, ವಾರಂಟ್ ಇದೆ."

"ಓದು."

ಓದಿದ. ಅವಳು ಕೈ ಒರೆಸಿಕೊಂಡಳು.

"ನೀನು ಹುಟ್ಟುವಾಗ ಕಾಲು ಮುಂದಾಗಿ ಬಂದೆ ಕಣೋ, ನಿಮ್ಮಮ್ಮನ್ನ ಅರ್ಧ ಸಾಯಿಸಿ. ಇವತ್ತೂ ಹಂಗೇ ಬಂದಿದ್ದೀಯ. ನಡಿ."

ಗಿರಣಿಯವನು ತಾನಾಗಿಯೇ ಹೇಳಿಕೆ ಕೊಟ್ಟ. ಶನಿವಾರದಿಂದ ಅವಳು ಅವರ ಮನೆಯಲ್ಲೇ ಇದ್ದಳು. ಭಾನುವಾರ ಅವರ ಜೊತೆಯಲ್ಲೇ ಪ್ರಾರ್ಥನಾ ಮಂದಿರಕ್ಕೆ ಬಂದು, ಅವರ ಜೊತೆಯಲ್ಲೇ ಹಿಂದಿರುಗಿದ್ದಳು.

ಡಾರ್ಕಸಳನ್ನು ಕಾವಲುಮನೆಯಲ್ಲಿ ಕೂರಿಸಿ ಕೇಲಬ್ ಪ್ರಶ್ನೆ ಮಾಡಿದ.

"ಪೆನಿಮನ್ ಮನೆಯವರಿಗೂ ನಿಮಗೂ ಏನಾದ್ರೂ ಜಗಳ?"

"ಜಗಳ ಇಲ್ಲ. ಮಗು ಹೊತ್ತು ಮುಳುಗಿದ ಮೇಲೆ ಹುಟ್ತು ಅಂತ ಪಾದ್ರಿಗಳಿಗೆ ಹೇಳು ಅಂತ ಆ ಹುಡುಗಿ ನನ್ನ ಕೈ ಹಿಡ್ಕೊಂಡ್ಳು. ಹೊತ್ತು ಮುಳುಗಿದ್ರೆ ದೇವರ ದಿನ ಮುಗಿದ ಹಾಗಲ್ವಾ. ನಾನು ಹೇಳಲಿಲ್ಲ."

"ಯಾಕೆ?"

"ಹುಟ್ಟಿದ್ದು ನಡುಮಧ್ಯಾಹ್ನ. ಹೆರಿಗೆ ವಿಚಾರದಲ್ಲಿ ಸುಳ್ಳಾಡಲ್ಲ ಅಂತ ಪ್ರಮಾಣ ಮಾಡಿದೋಳು ನಾನು." ಆಮೇಲೆ ಅಂದಳು: "ಹೇಳಬಹುದಿತ್ತು ಅಂತ ಈಗ ಅನಿಸ್ತದೆ."

ಬೊಂಬೆಯ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಹಬ್ಬಿತು. ಬೆಣ್ಣೆ ಬಾರದ ಮಜ್ಜಿಗೆ, ಕುಂಟಿದ ಹಸು, ಬತ್ತಿದ ಬಾವಿ ಎಲ್ಲಕ್ಕೂ ಜನರಿಗೆ ಡಾರ್ಕಸಳ ನೆನಪಾಯಿತು. ನಿನ್ನೆಯವರೆಗೆ ಅವಳ ಕೈಯಿಂದ ಮಕ್ಕಳನ್ನು ಪಡೆದ ಹೆಂಗಸರು ಕಾವಲುಮನೆಯ ದಾರಿ ಬಿಟ್ಟು ಸುತ್ತಿ ಬಳಸಿ ಹೋದರು.

ಕೇಲಬ್ ನೇಥನ್ ಗೇಜ್‌ನನ್ನು ಹುಡುಕಿಕೊಂಡು ಹೋದ. ವಾರದ ದಿನಗಳಲ್ಲಿ ಅವನು ಗಾರೆಯವನು. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಉದ್ದನೆಯ ಕೋಲು ಹಿಡಿದು ನಿಲ್ಲುವವನು. ಬೋಧನೆಯ ಹೊತ್ತಿನಲ್ಲಿ ತೂಕಡಿಸುವ ಗಂಡಸರ ತಲೆಗೆ ಕೋಲಿನ ಒಂದು ತುದಿಯ ಗುಬಟು ಬೀಳುತ್ತಿತ್ತು. ಹೆಂಗಸರ ಮುಖಕ್ಕೆ ಇನ್ನೊಂದು ತುದಿಯ ನರಿಬಾಲ ಸವರುತ್ತಿತ್ತು.

"ತಲೆ ನೋವು ಹೋಯ್ತೇನಪ್ಪ ಕಾನ್‌ಸ್ಟೇಬಲ್ಲು?" ನೇಥನ್ ನಕ್ಕ. "ನಿನ್ನೆ ಚೆನ್ನಾಗೇ ಬಿದ್ದಿತ್ತು."

"ನಾನು ಕಣ್ಣು ಮುಚ್ಚಿ ಧ್ಯಾನ ಮಾಡ್ತಿದ್ದೆ. ಶನಿವಾರ ನೀನು ಡಾರ್ಕಸಮ್ಮನ ಮನೇಲಿ ಮಣ್ಣು ಮೆತ್ತಿದಾಗ ಆ ಬಲಮಗ್ಗುಲ ಇಟ್ಟಿಗೆ ಸಡಿಲ ಇತ್ತಾ?"

"ನನ್ನ ಕೆಲಸದಲ್ಲಿ ಸಡಿಲವಾ? ತೆಗೆದು, ಹಿಂದೆಲ್ಲ ಕೆರೆದು, ಮತ್ತೆ ಕೂರಿಸಿದ್ದು. ಹಿಂದೆ ಮಸಿ ಬಿಟ್ರೆ ಏನೂ ಇರಲಿಲ್ಲ."

"ಪ್ರಮಾಣ ಮಾಡ್ತೀಯಾ?"

ನಗು ನಿಂತಿತು. "ಮಾಡ್ತೀನಿ."

ಕೇಲಬ್ ಕಲ್ಲಿನ ಮೇಲೆ ಕೂತು ಯೋಚಿಸಿದ. ಶನಿವಾರ ರಾತ್ರಿಯೂ ಭಾನುವಾರ ರಾತ್ರಿಯೂ ಪ್ರುಡೆನ್ಸ್ ಒಲೆ ಮುಂದೆ ಮಲಗಿದ್ದಳು. ಆ ಮನೆ ಖಾಲಿಯಾಗಿದ್ದದ್ದು ಭಾನುವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ. ಆ ಹೊತ್ತಿನಲ್ಲಿ ಊರಿನ ಎಲ್ಲ ಮನೆಗಳೂ ಖಾಲಿ. ಬಾಗಿಲಿಗೆ ಬೀಗವಿಲ್ಲ, ಬೀದಿಯಲ್ಲಿ ನಾಯಿ ಬಿಟ್ಟರೆ ಯಾರಿಲ್ಲ. ಹಾಗೆಯೇ ಊರಿಗೂರೇ ತಂತಮ್ಮ ಬೆಂಚಿನ ಮೇಲೆ, ನೇಥನ್ನನ ಕಣ್ಣ ಮುಂದೆ ಕೂತಿರುತ್ತದೆ.

"ನಿನ್ನೆ ನಡುವೆ ಎದ್ದುಹೋದವರು ಯಾರು?"

ನೇಥನ್ ಕರಣೆಗೆ ಹತ್ತಿದ ಮಣ್ಣು ಕೆರೆದ.

"ಪಾಪ ಕಣೋ ಅದು. ನಿನ್ನೆ ಮಧ್ಯಾಹ್ನ ಕಮ್ಮಾರನ ಮಗೂಗೆ ದೀಕ್ಷಾಸ್ನಾನ ಇತ್ತಲ್ಲ. ಆ ಕೂಸು ಅತ್ತಿದ್ದೇ ತಡ, ಮೆಹಿಟಬೆಲ್ ರವಿಕೆ ಒದ್ದೆಯಾಯ್ತು. ಎದೆಹಾಲು. ಎದ್ದು ಹೋದ್ಲು. ತಡೆಯೋಕೆ ನನ್ನ ಕೋಲು ಮೇಲೇಳಲಿಲ್ಲ."

"ಮತ್ತೆ ಬಂದ್ಲಾ?"

"ಕೊನೇ ಕೀರ್ತನೆ ಹೊತ್ತಿಗೆ. ಉಗುರಲ್ಲೆಲ್ಲ ಮಣ್ಣಿತ್ತು. ಮಗು ಮಣ್ಣಾದ ಜಾಗಕ್ಕೆ ಹೋಗಿದ್ಲೇನೋ ಅಂದ್ಕೊಂಡೆ."

ಮಂಗಳವಾರ ಬೆಳಿಗ್ಗೆ ಕೇಲಬ್ ಪೆನಿಮನ್ ಮನೆಗೆ ಹೋದ. ಜೊಸಾಯ ಕೊಡಲಿ ಮಸೆಯುತ್ತಿದ್ದ. ಮೆಹಿಟಬೆಲ್ ಕುಂಬಳಕಾಯಿ ಹೆಚ್ಚುತ್ತಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಕೇಲಬ್ ಬೊಂಬೆಯನ್ನು ಮೇಜಿನ ಮೇಲಿಟ್ಟ.

"ಕನಸಲ್ಲಿ ಕಂಡಿದ್ದು ಇದೇನಾ ತಂಗಿ?"

"ಇದೇ."

"ಬಟ್ಟೆ ಒಳ್ಳೇದು. ಡಾರ್ಕಸಮ್ಮನ ಮನೇಲಿ ಇಂಥದ್ದು ನಾನು ನೋಡಲಿಲ್ಲ."

ಅವಳು ಕುಂಬಳಕಾಯಿಯ ಇನ್ನೊಂದು ಹೋಳು ಹೆಚ್ಚಿದಳು.

"ಭಾನುವಾರ ಎದ್ದು ಹೋದೆಯಲ್ಲ, ಎಲ್ಲಿಗೆ?"

"ಅವಳು ಮನೆಗೆ ಹೋಗಿದ್ಲು," ಜೊಸಾಯ ನಡುವೆ ಬಂದ. "ಹಾಲು ಕಟ್ಟಿತ್ತು."

"ನಿನ್ನ ಕೇಳಲಿಲ್ಲ ಅಣ್ಣ. ತಂಗಿ, ಕೈ ಕೊಡು."

ಅವಳು ಕೈ ಚಾಚಿದಳು. ಕೇಲಬ್ ಹೊಗೆಗೂಡಿನಿಂದ ಕತ್ತರಿಸಿ ತಂದಿದ್ದ ಮಣ್ಣಿನ ಹೆಂಟೆಯನ್ನು ಮುಂದಿಟ್ಟ. ಅವಳು ಅದರ ಮೇಲಿನ ಗುರುತುಗಳನ್ನು ನೋಡಿದಳು. ಬೆರಳಿಟ್ಟು ತೋರಿಸು ಎಂದು ಅವನು ಹೇಳಬೇಕಾಗಲಿಲ್ಲ.

"ನನ್ನ ಕೂಸಿನ ಕುಲಾವಿ ಹೊಲಿದು ಉಳಿದ ಬಟ್ಟೆ," ಅಂದಳು. "ದೀಕ್ಷಾಸ್ನಾನಕ್ಕೆ ಅಂತ ಹೊಲಿದಿದ್ದೆ."

ಜೊಸಾಯ ಕೊಡಲಿಯನ್ನು ನಿಧಾನವಾಗಿ ಕೆಳಗಿಟ್ಟ. "ಮೆಹಿ, ಕನಸು ಅಂದೆಯಲ್ಲೇ."

ಅವಳು ಅವನ ಕಡೆ ನೋಡಲಿಲ್ಲ.

ಥರ್ಸ್ಟನ್ ಅವರ ಅಡುಗೆಮನೆಯಲ್ಲಿ ಹೇಳಿಕೆ ಬರೆಯುವಾಗ ಪಾದ್ರಿ ಆಡ್ಲಿನ್ ಅವರೂ ಬಂದು ಕೂತರು. ಮೆಹಿಟಬೆಲ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.

"ಡಾರ್ಕಸ್ ಮೇಲೆ ಸೇಡಾ?"

"ಸೇಡಲ್ಲ ಸ್ವಾಮಿ. ಆಕೆ ನನಗೇನೂ ಕೆಟ್ಟದ್ದು ಮಾಡಿಲ್ಲ."

"ಮತ್ತೆ?"

"ನಾವು ದೇವರ ದಿನ ಯಾವತ್ತೂ ಕೆಡಿಸಿಲ್ಲ. ಆದ್ರೂ ಕೂಸು ಆ ದಿನ ಬಂತು. ಹಂಗಾದ್ರೆ ಯಾರೋ ಅದನ್ನ ಆ ದಿನಕ್ಕೆ ಎಳ್ದಿರಬೇಕು. ಆಕೆ ಮಾಟಗಾತಿ ಆದ್ರೆ ತಪ್ಪು ಆಕೇದಾಗ್ತದೆ. ಕೂಸಿನ ಮೇಲೆ ತಪ್ಪಿರಲ್ಲ. ಪಾದ್ರಿಗಳು ಅದರ ಹೆಸರು ಸಭೆ ಪುಸ್ತಕದಲ್ಲಿ ಬರೀತಾರೆ."

ಪಾದ್ರಿಗಳು ಕೈಯಲ್ಲಿದ್ದ ಟೋಪಿಯ ಅಂಚು ತಿರುಗಿಸುತ್ತಿದ್ದರು.

ಥರ್ಸ್ಟನ್ ಬರೆದರು: ಸುಳ್ಳು ಸಾಕ್ಷಿ ಹುಟ್ಟಿಸಿ ಪ್ರಾಣ ತೆಗೆಸಲು ಯತ್ನ. ಅಂದರೆ ಏನು ಶಿಕ್ಷೆ ಎಂದೂ ತಿಳಿಸಿದರು. ಅವಳು ಆಗಲಿ ಎನ್ನುವಂತೆ ತಲೆಯಾಡಿಸಿದಳು. ಆಮೇಲೆ ಅವರು ಕೇಲಬ್‌ನನ್ನು ಕೇಳಿದರು:

"ಬೊಂಬೆ ಇಟ್ಟಿದ್ದು ಯಾವತ್ತು?"

ಆಗ ಅವಳು ಮೊದಲ ಸಲ ಮೇಜು ಹಿಡಿದುಕೊಂಡಳು.

"ಅದೊಂದು ಬರೀಬೇಡಿ ಸ್ವಾಮಿ. ಬೇರೆ ಏನು ಬೇಕಾದ್ರೂ ಬರೀರಿ. ಶನಿವಾರ ಅಂತ ಬರೀರಿ. ಸೋಮವಾರ ಅಂತ ಬರೀರಿ."

ಕೇಲಬ್ ಗೋಡೆಗೊರಗಿಸಿದ್ದ ಕರಿಕೋಲು ನೋಡಿದ. ಬೊಂಬೆ ಇಟ್ಟದ್ದು ಭಾನುವಾರ, ಪ್ರಾರ್ಥನೆಯ ಹೊತ್ತಿನಲ್ಲಿ ಎಂಬುದರ ಮೇಲೆಯೇ ಡಾರ್ಕಸಳ ಪ್ರಾಣ ನಿಂತಿತ್ತು; ಆ ಹೊತ್ತಿನಲ್ಲಿ ಅವಳು ಊರವರೆಲ್ಲರ ಕಣ್ಣ ಮುಂದೆ ಕೂತಿದ್ದಳು. ಆ ಒಂದು ಮಾತು ಬಿಟ್ಟರೆ ಬೋಸ್ಟನ್ನಿನ ನ್ಯಾಯಾಲಯ ಅವಳನ್ನು ಬಿಡುವ ಭರವಸೆಯಿರಲಿಲ್ಲ.

"ಭಾನುವಾರ ಸ್ವಾಮಿ," ಅಂದ. "ಮಧ್ಯಾಹ್ನದ ಪ್ರಾರ್ಥನೆ ಹೊತ್ತಿಗೆ."

ಥರ್ಸ್ಟನ್ ಬರೆದರು. ಅದರ ಕೆಳಗೆ ಎರಡನೇ ಆರೋಪ ಸೇರಿತು: ದೇವರ ದಿನವನ್ನು ಕೆಡಿಸಿದ್ದು. ಮೆಹಿಟಬೆಲ್ ಮೇಜಿನಿಂದ ಕೈ ತೆಗೆದಳು. ಗುರುತು ಹಾಕು ಎಂದಲ್ಲಿ ಹಾಕಿದಳು.

ಕಾವಲುಮನೆಯ ಬಾಗಿಲಲ್ಲಿ ಒಬ್ಬಳು ಹೊರಗೆ ಬಂದು ಒಬ್ಬಳು ಒಳಗೆ ಹೋಗಬೇಕಿತ್ತು. ಡಾರ್ಕಸ್ ಅವಳ ಮುಖ ನೋಡಿದಳು, ಆಮೇಲೆ ರವಿಕೆ ನೋಡಿದಳು. ಎರಡು ಕಡೆಯೂ ಒದ್ದೆಯಾಗಿತ್ತು.

"ಕೇಲಬ್," ಅಂದಳು, "ನಿಮ್ಮ ಹಿತ್ತಲಲ್ಲಿ ಎಲೆಕೋಸು ಇದೆಯಲ್ಲ. ಎಲೆ ತಂದು ಕೊಡು, ಎದೆಗೆ ಕಟ್ಕೊಳ್ಳಲಿ. ಇಲ್ಲದಿದ್ರೆ ಹಾಲು ಕಟ್ಟಿ ಜ್ವರ ಬರ್ತದೆ."

ಮೆಹಿಟಬೆಲ್ ತಲೆಯೆತ್ತಲಿಲ್ಲ. ಕೇಲಬ್ ಬೀಗ ಹಾಕಿ, ಕೋಲು ಬಾಗಿಲಿಗೆ ಒರಗಿಸಿ, ಎಲೆ ತರಲು ಮನೆ ಕಡೆ ನಡೆದ.