ಯಾರಿಗೂ ಸಿಗದ ಜಾಗ

"ಇಪ್ಪತ್ತೊಂದು, ಇಪ್ಪತ್ತೆರಡು..." ಶಾಲೆಯ ಅಂಗಳದಲ್ಲಿ, ಎಲ್ಲರೂ ಕನ್ನಡಕ ಎಂದು ಕರೆಯುವ ಹುಡುಗಿ ಕಣ್ಣು ಮುಚ್ಚಿ ಎಣಿಸುತ್ತಿದ್ದಳು. ಐವತ್ತಾಗುವಷ್ಟರಲ್ಲಿ ಅಳಿಲು ಆಟದ ಸಾಮಾನಿನ ಕೋಣೆಗೆ ನುಗ್ಗಿ, ಗೋಡೆಗೆ ಒರಗಿಸಿಟ್ಟ ದಪ್ಪ ಮ್ಯಾಟ್‌ಗಳ ಹಿಂದೆ ಕೂತುಬಿಟ್ಟಳು.

ಅಳಿಲು ಎಂದು ಅವಳಿಗೆ ಅಡ್ಡಹೆಸರಿಟ್ಟದ್ದೂ ಕ್ಲಾಸಿನವರೇ. ಪಾಠದ ಮಧ್ಯೆ ಏನಾದರೂ ಮೆಲ್ಲಲು ಅವಳೊಬ್ಬಳಿಗೇ ಪರ್ಮಿಷನ್. ಯಾಕೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಯ್ಯೋ ಪಾಪ ಅಂತಾರೆ, ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬ ಭಯ.

ಅವಳಿಗೆ ಶುಗರ್ ಇತ್ತು. "ತಿಂದ ಊಟ ರಕ್ತದಲ್ಲಿ ಸಕ್ಕರೆ ಆಗುತ್ತೆ ಮರಿ. ಅದು ಎಷ್ಟಿರಬೇಕು ಅಂತ ಬೇರೆಯವರ ಮೈ ತಾನೇ ನೋಡ್ಕೊಳ್ಳುತ್ತೆ. ನಿನಗೆ ನಾವು ಇನ್ಸುಲಿನ್ ಕೊಟ್ಟು ನೋಡ್ಕೋಬೇಕು. ಇಂಜೆಕ್ಷನ್ ಆದ್ಮೇಲೆ ಊಟ ಮಾತ್ರ ತಪ್ಪಿಸಬಾರದು," ಎಂದು ಡಾಕ್ಟರ್ ಹೇಳಿದ್ದರು.

ಹಾಗಾಗಿ ದಿನಾ ಊಟದ ಹೊತ್ತಿಗೆ ಅವಳು ಆಫೀಸ್ ರೂಮಿಗೆ ಹೋಗಿ, ಇಂಜೆಕ್ಷನ್ ತೆಗೆದುಕೊಂಡು, ಬೀರುವಿನ ಪಕ್ಕ ಒಬ್ಬಳೇ ಕೂತು ತಿನ್ನುತ್ತಿದ್ದಳು. ಉಳಿದವರು ಐದೇ ನಿಮಿಷದಲ್ಲಿ ಗಬಗಬ ತಿಂದು ಆಟಕ್ಕಿಳಿಯುತ್ತಿದ್ದರು. ಇವಳು ಬರುವಷ್ಟರಲ್ಲಿ ಆಟ ಮುಗಿಯಲು ಬಂದಿರುತ್ತಿತ್ತು. ಗೋಡೆ ನೋಡುತ್ತಾ ತಿಂದರೆ ಯಾವ ಊಟವೂ ರುಚಿಸುವುದಿಲ್ಲ.

ಇವತ್ತು ಇಂಜೆಕ್ಷನ್ ಆದ ಕೂಡಲೇ, "ಹೊರಗೆ ಕೂತು ತಿಂತೀನಿ ಆಂಟಿ," ಎಂದು ಆಫೀಸ್ ಆಂಟಿಗೆ ಹೇಳಿ ಓಡಿ ಬಂದಿದ್ದಳು. ಮೊದಲು ಆಟ, ಆಮೇಲೆ ಊಟ ಎಂದು ಬ್ಯಾಗನ್ನು ಮೆಟ್ಟಿಲ ಮೇಲೆ ಎಸೆದಿದ್ದಳು. ಡಬ್ಬಿ, ಗ್ಲೂಕೋಸ್ ಎಲ್ಲ ಅದರಲ್ಲೇ ಉಳಿದವು.

ಹೊರಗೆ ಒಬ್ಬೊಬ್ಬರೇ ಔಟಾದರು. ಅಳಿಲು ಬಾಯಿ ಮುಚ್ಚಿಕೊಂಡು ನಕ್ಕಳು.

ಸ್ವಲ್ಪ ಹೊತ್ತಿನಲ್ಲಿ ಹಣೆ ಬೆವರಿತು. ಕೈ ನಡುಗಿತು. ಹೊಟ್ಟೆ ಎಂದೂ ಇಲ್ಲದ ಹಾಗೆ ಹಸಿಯಿತು. ಶುಗರ್ ಇಳಿಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಏಳಲು ಹೋದರೆ ಕಾಲು ನಿಲ್ಲಲಿಲ್ಲ.

"ಅಳಿಲೇ, ಎಲ್ಲಿದ್ದೀಯೇ?" ಕನ್ನಡಕ ಕೂಗುತ್ತಿದ್ದಳು.

ಓಗೊಟ್ಟರೆ ಔಟ್. ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಸುಮ್ಮನಿದ್ದರೆ ಇಲ್ಲಿ ಯಾರೂ ಬರುವುದಿಲ್ಲ. ಅವಳಿಗೆ ತುಂಬ ಹೆದರಿಕೆಯಾಯಿತು.

"ಇಲ್ಲಿದೀನಿ ಕಣೇ," ಎಂದಳು. ದನಿ ಹೊರಡಲಿಲ್ಲ. ಉಸಿರೆಳೆದುಕೊಂಡು ಮತ್ತೆ ಕೂಗಿದಳು. "ಇಲ್ಲಿ, ಮ್ಯಾಟ್ ಹಿಂದೆ. ನನ್ನ ಬ್ಯಾಗ್ ತಾ."

ಕನ್ನಡಕ ಬ್ಯಾಗನ್ನೂ ತಂದಳು, ಆಫೀಸ್ ಆಂಟಿಯನ್ನೂ ಎಳೆದು ತಂದಳು. ಆಂಟಿ ಗ್ಲೂಕೋಸ್ ಕುಡಿಸಿದರು. "ಹದಿನೈದು ನಿಮಿಷ ಬಿಟ್ಟು ಶುಗರ್ ಚೆಕ್ ಮಾಡೋಣ. ನೀನು ಕ್ಲಾಸಿಗೆ ಹೋಗಮ್ಮ," ಎಂದು ಕನ್ನಡಕಳಿಗೆ ಹೇಳಿದರು.

"ಕಷ್ಟಪಟ್ಟು ಹುಡುಕಿದೀನಿ ಆಂಟಿ. ಕರ್ಕೊಂಡೇ ಹೋಗ್ತೀನಿ," ಎಂದು ಅವಳು ಅಲ್ಲೇ ಕೂತಳು. ಆಮೇಲೆ ಮೆಲ್ಲಗೆ, "ನಮ್ಮ ಜೊತೆ ಊಟಕ್ಕೆ ಬರಲ್ವಲ್ಲ, ನಿಂಗೆ ಜಂಬ ಅಂದ್ಕೊಂಡಿದ್ವಿ," ಎಂದಳು.

ಅಳಿಲಿಗೆ ನಗುವೂ ಬಂತು, ಅಳುವೂ ಬಂತು. ಶುಗರಿನ ವಿಷಯವನ್ನೆಲ್ಲ ಹೇಳಿದಳು. ಕನ್ನಡಕ ಅಯ್ಯೋ ಪಾಪ ಅನ್ನಲಿಲ್ಲ. "ಸೂಜಿ ನೋವಾಗುತ್ತಾ?" ಎಂದಷ್ಟೇ ಕೇಳಿದಳು.

ಹದಿನೈದು ನಿಮಿಷ ಕಳೆಯಿತು. ಅಳಿಲು ಬೆರಳು ಚುಚ್ಚಿ, ರಕ್ತದ ಹನಿಯನ್ನು ಮೀಟರಿಗೆ ತಾಗಿಸಿದಳು.

"ಎಷ್ಟು ಬಂತು?" ಕನ್ನಡಕ ಕೇಳಿದಳು.

ಅಮ್ಮನನ್ನು ಬಿಟ್ಟು ಬೇರೆ ಯಾರೂ ಹೀಗೆ ಕೇಳಿರಲಿಲ್ಲ. ಕೇಳಲು ಇವಳಾದರೂ ಯಾರಿಗೆ ಹೇಳಿದ್ದಳು? ಅಳಿಲು ತಾನು ನೋಡುವ ಮೊದಲೇ ಮೀಟರನ್ನು ಗೆಳತಿಯ ಕಡೆ ತಿರುಗಿಸಿದಳು.