ಹಿಂದಿನ ಸೀಟಿನ ಬೆಲ್ಟು

ಅಬುಧಾಬಿಯ ಖಾಲಿದಿಯಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ಕಂಡದ್ದನ್ನಷ್ಟೇ ಬರೆದು ಅಭ್ಯಾಸ. ನಿವೃತ್ತನಾಗಿ ಊರಿಗೆ ಮರಳುವ ಮುಂಚಿನ ವಾರ, ಹೆಂಡತಿ ಹಿಲ್ಡಾಳೊಂದಿಗೆ ಬಾಡಿಗೆಯ ಕ್ಯಾರವಾನ್‌ನಲ್ಲಿ ಲಿವಾ ಮರಳುಗಾಡಿನ ಕ್ಯಾಂಪಿಗೆ ಹೊರಟೆ. ಅಲ್ಲಿಗೆ ಹೋಗಬೇಕೆಂದು ಹಟ ಹಿಡಿಯುತ್ತಿದ್ದವಳು ನಮ್ಮ ಮಗಳು ಜೋಯ್ಲಿನ್. ಒಂಬತ್ತನೇ ವಯಸ್ಸಿಗೆ ಜ್ವರದಲ್ಲಿ ಹೋದಳು. ಅವಳನ್ನು ಮಣ್ಣು ಮಾಡಿದ್ದೂ ಈ ದೇಶದಲ್ಲೇ.

ದಾರಿಯ ಮದೀನತ್ ಜಾಯೆದ್ ಪಟ್ಟಣ ದಾಟಿದ ಮೇಲೆ, ಸೀಟಿನಲ್ಲಿ ಕೂತವರು ಬೆಲ್ಟು ಹಾಕದಿದ್ದರೆ ಕೂಗುವ ಅಲಾರಂ ಕೂಗತೊಡಗಿತು. ಡ್ಯಾಶ್‌ಬೋರ್ಡಿನಲ್ಲಿ ಹಿಂದಿನ ಸೀಟಿನ ಗುರುತು ಮಿನುಗುತ್ತಿತ್ತು. ಅಲ್ಲಿ ಒಂದು ಚೀಲವೂ ಇರಲಿಲ್ಲ. ಗಾಡಿ ನಿಲ್ಲಿಸಿದೆ. ಹಿಲ್ಡಾ ಹಿಂದೆ ಹೋಗಿ ಬೆಲ್ಟು ಸಿಕ್ಕಿಸಿದಳು, ಸದ್ದು ನಿಂತಿತು.

“ಸೀಟು ಜ್ವರದ ಮೈಯ ಹಾಗೆ ಬಿಸಿ ಉಂಟು. ನೀವೇ ಮುಟ್ಟಿ ನೋಡಿ.”

ನಾನು ಮುಟ್ಟಲಿಲ್ಲ.

ಕ್ಯಾಂಪು ತಲುಪಿದಾಗ ಅವಳೇ ಬೆಲ್ಟು ಬಿಚ್ಚಿದಳು. ಮರುದಿನ ಬೆಳಿಗ್ಗೆ ಅದನ್ನು ಹಾಕದೆಯೇ ವಾಪಸು ಹೊರಟೆವು. ಅಲಾರಂ ಕೂಗಲಿಲ್ಲ. ಹತ್ತು ಕಿಲೋಮೀಟರ್ ಹೋಗಿರಬೇಕು, ಹಿಲ್ಡಾ ನನ್ನ ತೋಳು ಹಿಡಿದಳು.

“ಗಾಡಿ ತಿರುಗಿಸಿ. ಅವಳು ಹತ್ತಲಿಲ್ಲ.”

ತಿರುಗಿಸಿದೆ. ಕ್ಯಾಂಪಿನಲ್ಲಿ ಗಾಡಿಯ ಬಾಗಿಲು ತೆರೆದಿಟ್ಟು ಮಧ್ಯಾಹ್ನದವರೆಗೆ ಕಾದೆವು. ಹಿಲ್ಡಾ ಮರಳಿನ ದಿಬ್ಬ ಹತ್ತಿ ಹೆಸರು ಹಿಡಿದು ಕರೆದಳು. ಕೊನೆಗೆ ನಾನೇ ಬಾಗಿಲು ಮುಚ್ಚಿದೆ.

ಅಬುಧಾಬಿಯವರೆಗೂ ಹಿಂದಿನ ಸೀಟು ಸದ್ದು ಮಾಡಲಿಲ್ಲ.